ಫ್ರೀ ಮೋಷನ್ ಕ್ವಿಲ್ಟಿಂಗ್: ಬರೀ ದಾರದಿಂದ ಉಬ್ಬು-ತಗ್ಗು ಮೂಡಿಸುವುದು ಹೇಗೆ?

ಬಿಳಿ ಬಟ್ಟೆಯ ಮೇಲೆ ಅಂಗೈಯಷ್ಟು ದೊಡ್ಡ ಎಲೆಯೊಂದನ್ನು ಬರೆದುಕೊಳ್ಳಿ. ಬಟ್ಟೆಯ ಕೆಳಗೆ ಮೆತ್ತನೆಯ ಒಳಪದರ, ಅದರ ಕೆಳಗೆ ಇನ್ನೊಂದು ಬಟ್ಟೆ ಇರಲಿ. ಎಲೆಯ ಅಂಚಿನ ಮೇಲೆ ಒಂದು ಸುತ್ತು ಹೊಲಿಯಿರಿ. ಆಮೇಲೆ ಎಲೆಯ ಒಳಗೆ ಒಂದು ಹೊಲಿಗೆಯನ್ನೂ ಹಾಕದೆ, ಹೊರಗಿನ ಜಾಗವನ್ನೆಲ್ಲ ಬಿಳಿ ದಾರದಿಂದಲೇ ಸಣ್ಣ ಸಣ್ಣ ಸುತ್ತುಗಳಿಂದ ತುಂಬಿಸಿ. ಮುಗಿದ ಮೇಲೆ ದೀಪವನ್ನು ಪಕ್ಕಕ್ಕೆ ಇಟ್ಟು ನೋಡಿ. ಎಲೆ ಎದ್ದು ಬಂದಿರುತ್ತದೆ. ಬೇರೆ ಬಣ್ಣ ಬಳಸಿಲ್ಲ, ಕಸೂತಿ ಹಾಕಿಲ್ಲ. ಆದರೂ ಬೆರಳು ಆಡಿಸಿದರೆ ಎಲೆ ಕೈಗೆ ಸಿಗುತ್ತದೆ.

ನನಗೆ ಈ ಕೆಲಸ ಹಿಡಿಸಿದ್ದು ಇಂಥದ್ದೇ ಒಂದು ಎಲೆಯಿಂದ. ಹೊಲಿಗೆ ಬಿದ್ದ ಕಡೆ ಒಳಪದರ ಅಮುಕಿ ಕೂರುತ್ತದೆ. ಹೊಲಿಗೆ ಬೀಳದ ಕಡೆ ಉಬ್ಬುತ್ತದೆ. ಹೀಗೆ ಪದರಗಳನ್ನು ಕೂಡಿಸಿ ಹೊಲಿಯುವ ಕ್ವಿಲ್ಟಿಂಗ್ ಮಾಡುವವರು ಟೆಕ್ಸ್ಚರ್ ಎಂದು ಕರೆಯುವುದು ಈ ಎರಡರ ನಡುವಿನ ವ್ಯತ್ಯಾಸವನ್ನೇ. ಎಷ್ಟು ಡಿಸೈನ್ ಗೊತ್ತಿದೆ ಎನ್ನುವುದಕ್ಕಿಂತ ಎಲ್ಲಿ ಒತ್ತಾಗಿ ಹೊಲಿಯಬೇಕು, ಎಲ್ಲಿ ಖಾಲಿ ಬಿಡಬೇಕು ಎನ್ನುವುದು ಇಲ್ಲಿ ಜಾಸ್ತಿ ಮುಖ್ಯ. ಈ ಲೇಖನದುದ್ದಕ್ಕೂ ಆ ಎಲೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಸಾಮಾನ್ಯ ಹೊಲಿಗೆಯಲ್ಲಿ ಸೂಜಿಯ ಕೆಳಗಿರುವ ಲೋಹದ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತಾ ಹೋಗುತ್ತವೆ. ಹೊಲಿಗೆಯ ಉದ್ದ ಎಷ್ಟಿರಬೇಕು ಎಂದು ಮಷಿನ್ನೇ ನೋಡಿಕೊಳ್ಳುತ್ತದೆ. ಫ್ರೀ ಮೋಷನ್‌ನಲ್ಲಿ ಆ ಹಲ್ಲುಗಳಿಗೆ ಕೆಲಸ ಇಲ್ಲ. ಬಟ್ಟೆಯನ್ನು ಸರಿಸುವುದು ನಿಮ್ಮ ಕೈ. ಮುಂದೆ, ಹಿಂದೆ, ಪಕ್ಕಕ್ಕೆ, ಸುತ್ತಲೂ, ಎತ್ತ ಸರಿಸಿದರೆ ಅತ್ತ ಹೊಲಿಗೆ ಬೀಳುತ್ತದೆ. ಆದರೆ ಹೊಲಿಗೆಯ ಉದ್ದದ ಹೊಣೆಯೂ ಈಗ ನಿಮ್ಮದೇ.

ಮಷಿನ್ ಸಿದ್ಧ ಮಾಡಿಕೊಳ್ಳುವುದು

ಮೊದಲು ಹಲ್ಲುಗಳನ್ನು ಕೆಳಗಿಳಿಸಿ. ಅನೇಕ ಮಷಿನ್‌ಗಳಲ್ಲಿ ಇದಕ್ಕೆ ಸಣ್ಣ ಗುಂಡಿಯೋ ಹಿಡಿಯೋ ಇರುತ್ತದೆ. ಕೆಲವಕ್ಕೆ ಹಲ್ಲು ಮುಚ್ಚುವ ಪ್ಲೇಟ್ ಬರುತ್ತದೆ. ಎರಡೂ ಇಲ್ಲದಿದ್ದರೆ ಗಟ್ಟಿ ಕಾರ್ಡೊಂದರಲ್ಲಿ ಸೂಜಿ ಇಳಿಯುವ ಜಾಗಕ್ಕೆ ತೂತು ಮಾಡಿ, ಹಲ್ಲುಗಳ ಮೇಲೆ ಟೇಪಿನಿಂದ ಅಂಟಿಸಿ. ಹೊಲಿಗೆಯ ಉದ್ದವನ್ನು 0ಗೆ ಇಡಿ.

ಸೂಜಿಯ ಬಳಿ ಬಟ್ಟೆಯನ್ನು ಅದುಮಿ ಹಿಡಿಯುವ ಮಾಮೂಲಿ ಫುಟ್ ತೆಗೆದು ಡಾರ್ನಿಂಗ್ ಫುಟ್ ಹಾಕಿ. ಫ್ರೀ ಮೋಷನ್ ಫುಟ್ ಎಂದೂ ಇದನ್ನು ಕರೆಯುತ್ತಾರೆ. ಮುಂದುಗಡೆ ಬಾಯಿ ತೆರೆದಿರುವ ಫುಟ್ ಸಿಕ್ಕರೆ ಒಳ್ಳೆಯದು, ಸೂಜಿಯ ಮುಂದಿನ ಗೆರೆ ಚೆನ್ನಾಗಿ ಕಾಣುತ್ತದೆ. ಇದು ಬಟ್ಟೆಯನ್ನು ಅದುಮಿ ಹಿಡಿಯುವುದಿಲ್ಲ, ಸಡಿಲವಾಗಿ ತಾಗಿಕೊಂಡಿರುತ್ತದೆ. ಹಾಗಾಗಿ ಫುಟ್ ಇಳಿಸುವ ಹಿಡಿಯನ್ನು ಕೆಳಗೆ ತಳ್ಳುವುದೇ ಮರೆತುಹೋಗುತ್ತದೆ. ಹಿಡಿ ಮೇಲಿದ್ದರೆ ಮೇಲಿನ ದಾರಕ್ಕೆ ಬಿಗಿಯೇ ಇರುವುದಿಲ್ಲ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಬಟ್ಟೆಯ ಕೆಳಗೆ ದಾರದ ಗೂಡು ಕಟ್ಟಿಕೊಳ್ಳುತ್ತದೆ. ಅಡಿಯಲ್ಲಿ ಗೂಡು ಕಂಡರೆ ಬಾಬಿನ್ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ) ಬಿಚ್ಚುವ ಮೊದಲು ಈ ಹಿಡಿಯನ್ನು ನೋಡಿ. ದಾರ ಪೋಣಿಸುವಾಗ ಇದರ ಉಲ್ಟಾ. ಆಗ ಫುಟ್ ಮೇಲೆತ್ತಿರಬೇಕು, ಇಲ್ಲವಾದರೆ ದಾರ, ಅದಕ್ಕೆ ಬಿಗಿ (ಟೆನ್ಶನ್) ಕೊಡುವ ತಟ್ಟೆಗಳ ನಡುವೆ ಸರಿಯಾಗಿ ಕೂರುವುದಿಲ್ಲ.

ಸೂಜಿ ಹೊಸದಿರಲಿ. 80/12 ಅಥವಾ 90/14 ಅಳತೆಯ ಟಾಪ್‌ಸ್ಟಿಚ್ ಸೂಜಿ ನನಗೆ ತುಂಬಾ ಒಗ್ಗಿದೆ. ಅದರ ಕಣ್ಣು ದೊಡ್ಡದು, ದಾರ ಉಜ್ಜಿ ಹರಿಯುವುದು ಕಡಿಮೆ. ದಾರ 50 ನಂಬರಿನ ಹತ್ತಿಯದಾದರೆ ಶುರುವಿಗೆ ಚೆನ್ನ. ದಾರದಲ್ಲಿ ನಂಬರ್ ಹೆಚ್ಚಾದಷ್ಟೂ ಎಳೆ ತೆಳು. 40 ಕೊಂಚ ದಪ್ಪ, ಗೆರೆ ಎದ್ದು ಕಾಣುತ್ತದೆ. 50 ಬಟ್ಟೆಯೊಳಗೆ ಇಳಿದು ಕೂರುತ್ತದೆ. ನಮಗೆ ಬೇಕಾದದ್ದು ಉಬ್ಬು, ಗೆರೆಯಲ್ಲ. ಹಾಗಾಗಿ ಬಟ್ಟೆಯ ಬಣ್ಣದ್ದೇ ದಾರ ಹಾಕಿ. ಕಲಿಯುವವರಿಗೆ ಎದ್ದು ಕಾಣುವ ದಾರ ಕೊಡಬೇಕು ಎಂದು ಕೆಲವರು ಹೇಳುತ್ತಾರೆ. ಅದರಿಂದ ತಪ್ಪು ಬೇಗ ಕಾಣುತ್ತದೆ, ನಿಜ. ಆದರೆ ತಪ್ಪನ್ನೇ ನೋಡುತ್ತಾ ಕೂತರೆ ಕೈ ಬಿಗಿಯಾಗುತ್ತದೆ. ಅದೇ ಬಣ್ಣದ ದಾರದಲ್ಲಿ ಕಣ್ಣು ಒಂದೊಂದೇ ಹೊಲಿಗೆಯನ್ನು ಹುಡುಕದೆ ಇಡೀ ಮೇಲ್ಮೈಯನ್ನು ನೋಡುತ್ತದೆ. ಬಾಬಿನ್ನಿಗೂ ಅದೇ ದಾರ ಇದ್ದರೆ ಟೆನ್ಶನ್ ಹೊಂದಿಸುವುದು ಸುಲಭ.

ಟೆನ್ಶನ್ ನೋಡಲು ಒಂದು ಚೂರು ಹೊಲಿದು ಎರಡೂ ಬದಿ ಪರೀಕ್ಷಿಸಿ. ಮೇಲ್ಗಡೆ ಬಾಬಿನ್ ದಾರ ಚುಕ್ಕೆ ಚುಕ್ಕೆಯಾಗಿ ಕಂಡರೆ ಮೇಲಿನ ಟೆನ್ಶನ್ ಜಾಸ್ತಿಯಾಗಿದೆ, ಅರ್ಧ ನಂಬರ್ ಇಳಿಸಿ. ಅಡಿಯಲ್ಲಿ ಮೇಲಿನ ದಾರ ಎಳೆದಂತೆ ಕಂಡರೆ ಸ್ವಲ್ಪ ಏರಿಸಿ.

ಪದರಗಳು

14 ಇಂಚಿನ ಚೌಕಗಳನ್ನು ಕತ್ತರಿಸಿಕೊಳ್ಳಿ. ಒಂದೇ ಬಣ್ಣದ ಹತ್ತಿ ಬಟ್ಟೆ ಸಾಕು. ಹೂವು-ಬಳ್ಳಿಯ ಪ್ರಿಂಟ್ ಇದ್ದರೆ ಉಬ್ಬು-ತಗ್ಗು ಅದರಲ್ಲೇ ಮುಚ್ಚಿಹೋಗುತ್ತದೆ. ಒಳಪದರಕ್ಕೆ ಬ್ಯಾಟಿಂಗ್ ಎಂದು ಹೆಸರು. ಹತ್ತಿಯದು ತೆಳು, ಕೈಗೆ ಬೇಗ ಒಗ್ಗುತ್ತದೆ. ಉಣ್ಣೆಯದು ಚೆನ್ನಾಗಿ ಉಬ್ಬುತ್ತದೆ. ಪಾಲಿಯೆಸ್ಟರ್‌ನದೂ ಉಬ್ಬುತ್ತದೆ, ಆದರೆ ದಪ್ಪದ್ದಾದರೆ ಫುಟ್ ಕೆಳಗೆ ಜಾರಾಡುತ್ತದೆ. ಮೊದಲು ಹತ್ತಿಯಲ್ಲಿ ಕಲಿತು, ಆಮೇಲೆ ಅದೇ ಡಿಸೈನನ್ನು ಉಣ್ಣೆಯ ಮೇಲೆ ಹೊಲಿದು ಪಕ್ಕದಲ್ಲಿಟ್ಟು ನೋಡಿ. ಎಷ್ಟು ವ್ಯತ್ಯಾಸ ಎಂದು ಆಗ ತಿಳಿಯುತ್ತದೆ.

ಮೂರೂ ಪದರಗಳನ್ನು ಸುಕ್ಕಿಲ್ಲದೆ ಹಾಸಿ, ಬಾಗಿದ ಸೇಫ್ಟಿ ಪಿನ್‌ಗಳಿಂದ 4 ಇಂಚಿಗೆ ಒಂದರಂತೆ ಹಿಡಿಸಿ. ಕಚ್ಚಾ ಹೊಲಿಗೆ ಹಾಕಿದರೂ ಆದೀತು. ಇಲ್ಲಿ ಅವಸರ ಮಾಡಿದರೆ ಅಡಿಯ ಬಟ್ಟೆಯಲ್ಲಿ ಮಡಿಕೆ ಬೀಳುತ್ತದೆ. ಅದು ಗೊತ್ತಾಗುವುದು ಪೂರ್ತಿ ಹೊಲಿದು ತಿರುಗಿಸಿ ನೋಡಿದಾಗಲೇ.

ಕೈ ಮತ್ತು ಕಾಲು

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಎಲ್ಲಕ್ಕಿಂತ ಖುಷಿಯದೂ ಇದೇ.

ಮಷಿನ್ ಮುಟ್ಟುವ ಮೊದಲು ಪೆನ್ನು ಹಿಡಿಯಿರಿ. ಕಾಗದದ ಮೇಲಿಂದ ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಪುಟ ತುಂಬಿಸಬೇಕು. ನಮ್ಮ ಅಕ್ಷರಗಳೇ ದುಂಡಗಿವೆ, ಅಲ್ವಾ? ಒಂದಕ್ಕೊಂದು ಕೂಡಿಸಿಕೊಂಡು ‘ಲಲಲಲಲ’ ಎಂದು ಬರೆಯುತ್ತಾ ಹೋಗಿ. ಹೊಲಿಗೆಗೆ ಬೇಕಾದ ಬಾಗು ಅದರಲ್ಲೇ ಇದೆ. ಆಮೇಲೆ ಉಲ್ಟಾ ಮಾಡಿ. ಪೆನ್ನನ್ನು ಅಲುಗಿಸದೆ ಹಿಡಿದು, ಇನ್ನೊಂದು ಕೈಯಿಂದ ಕಾಗದವನ್ನು ಸರಿಸಿ ಬರೆಯಿರಿ. ಮಷಿನ್ನಿನಲ್ಲಿ ಆಗುವುದು ಇದೇ. ಸೂಜಿ ನಿಂತಲ್ಲೇ ಇರುತ್ತದೆ, ಬಟ್ಟೆ ಓಡಾಡುತ್ತದೆ. ಗೆರೆ ಬಲಕ್ಕೆ ಹೋಗಬೇಕಾದರೆ ಬಟ್ಟೆ ಎಡಕ್ಕೆ ಹೋಗಬೇಕು. ತಲೆಗೆ ಇದು ಬೇಗ ಅರ್ಥವಾಗುತ್ತದೆ, ಕೈಗೆ ಅರ್ಥವಾಗಲು ದಿನಗಳು ಬೇಕು.

ಈಗ ಮಷಿನ್. ಕೈಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿ. ಸೂಜಿ ಇಳಿದು ಏರಿದ ಮೇಲೆ ಮೇಲಿನ ದಾರವನ್ನು ಎಳೆದರೆ ಬಾಬಿನ್ ದಾರ ಕುಣಿಕೆಯಾಗಿ ಮೇಲೆ ಬರುತ್ತದೆ. ಎರಡೂ ದಾರದ ತುದಿ ಹಿಡಿದುಕೊಂಡು ಒಂದೇ ಜಾಗದ ಸುತ್ತಮುತ್ತ ನಾಲ್ಕೈದು ತೀರಾ ಪುಟ್ಟ ಹೊಲಿಗೆ ಹಾಕಿ. ಇದು ಗಂಟಿನ ಬದಲು. ನಾಲ್ಕು ಬೆರಳು ದೂರ ಹೋದ ಮೇಲೆ ನಿಲ್ಲಿಸಿ ತುದಿಗಳನ್ನು ಕತ್ತರಿಸಿ. ಈ ಕೆಲಸ ಬಿಟ್ಟರೆ ಅಡಿಯಲ್ಲಿ ದಾರ ಸಿಕ್ಕಾಗುವುದು ಖಂಡಿತ.

ಅಂಗೈಗಳನ್ನು ಸೂಜಿಯ ಎರಡೂ ಪಕ್ಕ 2-3 ಇಂಚು ದೂರದಲ್ಲಿ ಚಪ್ಪಟೆಯಾಗಿ ಇಡಿ. ಒತ್ತಬೇಡಿ, ಸುಮ್ನೆ ಹಿಡಿದರೆ ಸಾಕು. ಬೆರಳ ತುದಿಯಲ್ಲಿ ರಬ್ಬರ್ ಇರುವ ಗ್ಲೌಸ್ ಹಾಕಿದರೆ ಬಟ್ಟೆ ಜಾರದು, ಕೈಗೂ ದಣಿವು ಕಡಿಮೆ. ಭುಜ ಕಿವಿಯ ಹತ್ತಿರ ಏರಿದೆಯೇ ನೋಡಿಕೊಳ್ಳಿ. ಏರಿದ್ದರೆ ನಿಲ್ಲಿಸಿ, ಉಸಿರು ಬಿಟ್ಟು, ಇಳಿಸಿ. ಕೈ ಬದಲಿಸಬೇಕಾದಾಗ ಸೂಜಿ ಬಟ್ಟೆಯೊಳಗೆ ಇಳಿದಿರುವಾಗಲೇ ನಿಲ್ಲಿಸಬೇಕು. ಆಗ ಗೆರೆ ತುಂಡಾಗುವುದಿಲ್ಲ.

ಹೊಸಬರು ಭಯದಿಂದ ಪೆಡಲನ್ನು ನಿಧಾನಕ್ಕೆ ಒತ್ತುತ್ತಾರೆ. ಆದರೆ ಕೈ ಮಾತ್ರ ಜೋರಾಗಿ ಓಡುತ್ತದೆ. ಆಗ ಹೊಲಿಗೆ ಉದ್ದುದ್ದ ಬೀಳುತ್ತದೆ, ಬಾಗು ಮುರಿದು ಮೂಲೆಗಳಾಗುತ್ತವೆ. ಇದನ್ನು ಬದಲಿಸಿ. ಪೆಡಲ್ ಮಧ್ಯಮ ವೇಗದಲ್ಲಿರಲಿ, ಕೈ ನಿಧಾನವಾಗಿರಲಿ. ಮಷಿನ್ನಿನಲ್ಲಿ ವೇಗಕ್ಕೆ ಮಿತಿ ಹಾಕುವ ಸ್ಲೈಡರ್ ಇದ್ದರೆ ಅದನ್ನು ನಡುವೆ ಇಟ್ಟು ಪೆಡಲನ್ನು ಪೂರ್ತಿ ಒತ್ತಿ. ಆಗ ಕಾಲಿನ ಚಿಂತೆ ಇರುವುದಿಲ್ಲ. ಸದ್ದನ್ನು ಕೇಳಿ. ಒಂದೇ ಶ್ರುತಿಯಲ್ಲಿ ಗುನುಗುತ್ತಿದ್ದರೆ ಸರಿ ಇದೆ. ಇಂಚಿಗೆ 10ರಿಂದ 12 ಹೊಲಿಗೆ ಬಿದ್ದರೆ ಹದ. ದಿನಾ ಎಣಿಸಬೇಕಿಲ್ಲ. ಒಂದು ಸಲ ಅಳತೆಪಟ್ಟಿ ಇಟ್ಟು ಎಣಿಸಿದರೆ ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ.

ಸೂಜಿಯನ್ನು ನೋಡಬೇಡಿ. ಸೂಜಿ ಅರ್ಧ ಇಂಚು ಮುಂದೆ ಎಲ್ಲಿ ಹೋಗಬೇಕೋ ಅಲ್ಲಿ ನೋಡಿ. ಸೈಕಲ್ ಕಲಿಯುವಾಗ ಮುಂದಿನ ಚಕ್ರವನ್ನೇ ನೋಡಿದರೆ ಬೀಳುತ್ತೇವಲ್ಲ, ಹಾಗೆಯೇ.

ಬಾಗುಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಕಣ್ಣಿನ ರೆಪ್ಪೆಯ ಹಾಗೆ ಸಾಲಾಗಿ ದಾರ ಎಳೆದಿರುತ್ತದೆ. ಕೂಡಲೇ ಟೆನ್ಶನ್ ತಿರುಗಿಸಲು ಹೋಗಬೇಡಿ. ನೇರ ಗೆರೆಯಲ್ಲಿ ಹೊಲಿಗೆ ಸರಿಯಿದ್ದು ಬಾಗಿನಲ್ಲಿ ಮಾತ್ರ ರೆಪ್ಪೆ ಬಿದ್ದಿದ್ದರೆ ತಪ್ಪು ಕೈಯದು. ಬಾಗಿಗೆ ಬಂದಾಗ ಕೈ ತಾನಾಗಿಯೇ ವೇಗ ಪಡೆಯುತ್ತದೆ, ಸೂಜಿಗಿಂತ ಮುಂದೆ ಓಡುತ್ತದೆ. ಬಾಗಿನಲ್ಲಿ ಕೈಯನ್ನು ತಡೆದರೆ ರೆಪ್ಪೆ ಮಾಯ.

ದಿನಕ್ಕೆ ಕಾಲು ಗಂಟೆ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಪ್ರತಿ ಚೌಕದ ಮೂಲೆಯಲ್ಲಿ ತಾರೀಖು ಬರೆದಿಡಿ.

ಐದು ಡಿಸೈನ್

ಎಲ್ಲರೂ ಮೊದಲು ಕಲಿಸುವುದು ಸ್ಟಿಪ್ಲಿಂಗ್. ಗೆರೆ ಎಲ್ಲೂ ತನ್ನನ್ನು ತಾನು ದಾಟದೆ ಅಂಕುಡೊಂಕಾಗಿ ಅಲೆಯುತ್ತದೆ. ನನ್ನ ಪ್ರಕಾರ ಅದು ಮೊದಲ ಪಾಠ ಆಗಬಾರದು. ‘ದಾಟಬಾರದು’ ಎಂಬ ಒಂದೇ ನಿಯಮ ಹೊಸ ಕೈಯನ್ನು ಕಟ್ಟಿಹಾಕುತ್ತದೆ. ಮೂಲೆಗೆ ಸಿಕ್ಕಿಕೊಂಡಾಗ ಹೊರಬರುವ ದಾರಿ ತಿಳಿಯುವುದಿಲ್ಲ.

ಬದಲಿಗೆ ಕುಣಿಕೆಯಿಂದ ಶುರು ಮಾಡಿ. ‘ಲಲಲ’ ಬರೆದಿರಲ್ಲ, ಅದೇ. ಸ್ವಲ್ಪ ದೂರ ಅಲೆದು ಒಂದು ಕುಣಿಕೆ, ಮತ್ತೆ ಅಲೆದು ಇನ್ನೊಂದು ಕುಣಿಕೆ. ಗೆರೆ ದಾಟುವುದೇ ಇಲ್ಲಿಯ ಚೆಲುವು. ಕುಣಿಕೆಯನ್ನು ಎಡಕ್ಕೂ ಬಲಕ್ಕೂ ಸುತ್ತಿ. ಒಂದೇ ಕಡೆ ಸುತ್ತುವ ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಕಷ್ಟ. ಎರಡು ಚೌಕ ತುಂಬಿಸುವಷ್ಟರಲ್ಲಿ ಕೈ ಸಡಿಲಾಗುತ್ತದೆ.

ಎರಡನೆಯದು ಸುರುಳಿ. ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಹೋಗಿ. ಸುತ್ತುಗಳ ನಡುವೆ ಬೆರಳಗಲ ಜಾಗ ಬಿಡಬೇಕು, ಏಕೆಂದರೆ ವಾಪಸ್ ಬರುವ ದಾರಿ ಅದೇ. ನಡುವಿಗೆ ಬಂದಾಗ ತಿರುಗಿ, ಬಿಟ್ಟ ಜಾಗದ ಮಧ್ಯದಲ್ಲೇ ಹೊರಗೆ ಬನ್ನಿ. ಮುಂದಿನ ಸುರುಳಿ ಹಿಂದಿನದರ ಬೆನ್ನಿಗೆ ಒರಗಿಕೊಂಡಿರಲಿ. ನಡುನಡುವೆ ಮೂರು ಮೂಲೆಯ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ಸುರುಳಿಯ ಹೊರಗೆರೆಗೆ ಸಮನಾಗಿ ಎರಡು ಮೂರು ಬಾಗು ಹಾಕಿ ತುಂಬಿಸಿ. ಹೀಗೆ ಇರುವ ಗೆರೆಯನ್ನೇ ಅನುಸರಿಸಿ ಪಕ್ಕದಲ್ಲಿ ಹೊಲಿಯುವುದಕ್ಕೆ ಎಕೋ ಎನ್ನುತ್ತಾರೆ. ಎಕೋ ಬಂದವರಿಗೆ ಸಿಕ್ಕಿಬೀಳುವ ಭಯವಿಲ್ಲ. ಎಂಥ ಮೂಲೆಯಿಂದಲೂ ಅದರ ಮೇಲೆ ಹೊರಬರಬಹುದು.

ಇದಾದ ಮೇಲೆ ಸ್ಟಿಪ್ಲಿಂಗ್‌ಗೆ ಬನ್ನಿ. ಜಿಗ್‌ಸಾ ಪಜಲ್‌ನ ತುಂಡುಗಳ ಅಂಚು ನೆನಪಿಸಿಕೊಂಡರೆ ಆಕಾರ ಸಿಗುತ್ತದೆ. ಉಬ್ಬಿದ ತಲೆ, ಸಪೂರ ಕುತ್ತಿಗೆ, ಮತ್ತೆ ಉಬ್ಬಿದ ತಲೆ. ನೇರ ಸಾಲಿನಲ್ಲಿ ಹೋಗದೆ ದಿಕ್ಕು ಬದಲಿಸುತ್ತಿರಿ. ಗೆರೆಗಳ ಅಂತರ ಅರ್ಧ ಇಂಚಿದ್ದರೆ ಮೆತ್ತಗಿನ ಮೇಲ್ಮೈ. 3-4 ಮಿಲಿಮೀಟರ್‌ಗೆ ಇಳಿಸಿದರೆ ಬಟ್ಟೆ ಪೂರ್ತಿ ಅಮುಕಿ, ಹರಳು ಹರಳಾಗಿ ಕಾಣುತ್ತದೆ. ಆರಂಭದ ಎಲೆಯ ಸುತ್ತ ಬೇಕಾದದ್ದು ಇದು.

ಬೆಣಚುಕಲ್ಲಿನ ಡಿಸೈನ್ ನನಗೆ ಬಹಳ ಇಷ್ಟ. ಪೆಬಲ್ಸ್ ಎಂದು ಹೆಸರು. ಕನ್ನಡದ ಸೊನ್ನೆಯ ಹಾಗೆ ಒಂದು ದುಂಡು ಹೊಲಿದು, ಶುರುವಾದ ಜಾಗಕ್ಕೇ ಬಂದು ಮುಟ್ಟಿಸಿ. ಮುಂದಿನ ಕಲ್ಲು ಎಲ್ಲಿ ಬೇಕೋ ಅಲ್ಲಿಯವರೆಗೆ ಅದೇ ದುಂಡಿನ ಅಂಚಿನ ಮೇಲೆ ಹೊಲಿಯುತ್ತಾ ಹೋಗಿ, ಅಲ್ಲಿಂದ ಹೊಸ ದುಂಡು ಹೊರಡಿಸಿ. ಕಲ್ಲುಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಸಂದಿ ಉಳಿದರೆ ಅದಕ್ಕೆ ಹೊಂದುವ ಪುಟ್ಟ ಕಲ್ಲು ಕೂರಿಸಿ. ಒಂದೇ ಅಳತೆಯ ಕಲ್ಲುಗಳಾದರೆ ಪೇಲವ. ಹುಣಸೆ ಬೀಜದಷ್ಟು ಒಂದು, ಕಾಳಿನಷ್ಟು ಇನ್ನೊಂದು, ಅದರ ಪಕ್ಕ ನಾಣ್ಯದಷ್ಟು ಮತ್ತೊಂದು ಇರಲಿ. ಹೊಲಿದ ಗೆರೆಯ ಮೇಲೆ ಮತ್ತೆ ಹೊಲಿಯುವಾಗ ಕೂದಲೆಳೆ ಆಚೀಚೆ ಆಗಿಯೇ ಆಗುತ್ತದೆ. ಬಿಚ್ಚಬೇಡಿ. ನೂರು ಕಲ್ಲು ತುಂಬಿದ ಮೇಲೆ ಯಾವುದು ವಾರೆಯಾಗಿತ್ತು ಎಂದು ನಿಮಗೇ ಸಿಗುವುದಿಲ್ಲ. ಒಂದೇ ಎಚ್ಚರಿಕೆ: ಇದು ದಾರವನ್ನೂ ಸಮಯವನ್ನೂ ತುಂಬಾ ತಿನ್ನುತ್ತದೆ. ದೊಡ್ಡ ಜಾಗಕ್ಕೆ ಬೇಡ, ಸಣ್ಣ ಪಟ್ಟಿಗೆ ಇಡಿ.

ಕೊನೆಯದು ಮರದ ನಾರು. ಅಡ್ಡಕ್ಕೆ ಸ್ವಲ್ಪವೇ ಅಲೆಯುವ ಗೆರೆಗಳು, ಒಂದರ ಕೆಳಗೊಂದು. ಎಲ್ಲೋ ಒಂದು ಕಡೆ ಗೆರೆ ಉಬ್ಬಿ, ಮುಂದಿನ ಗೆರೆ ತಗ್ಗಿ, ನಡುವೆ ಕಣ್ಣಿನ ಆಕಾರ ಬಿಡಬೇಕು. ಆ ಕಣ್ಣಿನೊಳಗೆ ಒಂದರೊಳಗೊಂದು ಉದ್ದನೆಯ ದುಂಡು ಹಾಕಿದರೆ ಮರದ ಗಂಟು. ಅಂತರ ಸಮ ಇಲ್ಲದಿದ್ದಷ್ಟೂ ಇದು ಮರದ ಹಾಗೆ ಕಾಣುತ್ತದೆ.

ಪಕ್ಕಪಕ್ಕ ಇಡುವುದು

ಐದು ಡಿಸೈನ್ ಬಂದ ಮೇಲೆ ಚೌಕವೊಂದನ್ನು ಐದು ಪಟ್ಟಿ ಮಾಡಿ, ಎಲ್ಲವನ್ನೂ ಒಂದರಲ್ಲೇ ಹೊಲಿಯಿರಿ. ಗೆರೆ ಹಾಕಲು ನೀರಿನಲ್ಲಿ ಹೋಗುವ ಪೆನ್ನು ಬಳಸಿ. ಅದರ ಗುರುತಿನ ಮೇಲೆ ಇಸ್ತ್ರಿ ತಾಗಿಸಬೇಡಿ, ಬಿಸಿಗೆ ಬಣ್ಣ ಕೂತುಬಿಡುತ್ತದೆ.

ಕಲ್ಲುಗಳ ಪಕ್ಕ ಸ್ಟಿಪ್ಲಿಂಗ್ ಇಟ್ಟರೆ ಎರಡೂ ಒಂದೇ ತರಹದ ಗುಳುಗುಳು ಮೇಲ್ಮೈಯಾಗಿ ಬೆರೆತುಹೋಗುತ್ತವೆ. ಕಲ್ಲುಗಳ ಪಕ್ಕ ಮರದ ನಾರು ಇಟ್ಟು ನೋಡಿ. ಒಂದು ದುಂಡು, ಒಂದು ಉದ್ದ. ಗಡಿ ತಾನಾಗಿಯೇ ಮೂಡುತ್ತದೆ. ಒತ್ತಾದದ್ದರ ಪಕ್ಕ ಬಿಡುವಾದದ್ದು, ದುಂಡಿನ ಪಕ್ಕ ಉದ್ದ, ಸಣ್ಣದರ ಪಕ್ಕ ದೊಡ್ಡದು. ನಡುವೆ ಒಂದು ಪಟ್ಟಿಯನ್ನು ಖಾಲಿಯೇ ಬಿಡಿ. ಬೆಳಕು ಬಂದು ಕೂರುವುದು ಅಲ್ಲೇ. ಎಷ್ಟು ಖಾಲಿ ಬಿಡಬಹುದು ಎನ್ನುವುದಕ್ಕೆ ಒಂದು ಮಿತಿ ಇದೆ. ಗೆರೆಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಇರಬಹುದು ಎಂದು ಒಳಪದರದ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಅದನ್ನು ಮೀರಿದರೆ ಒಗೆದಾಗ ಒಳಪದರ ಸರಿದು ಗುಡ್ಡೆಯಾಗಬಹುದು.

ಒಮ್ಮೆ ನಾನು ಒಂದು ತುಂಡಿನ ನಡುಭಾಗವನ್ನು ಪೂರ್ತಿ ಕಲ್ಲುಗಳಿಂದ ತುಂಬಿಸಿ, ಸುತ್ತಲಿನ ಅಂಚಿಗೆ ದೊಡ್ಡ ದೊಡ್ಡ ಕುಣಿಕೆ ಹಾಕಿದ್ದೆ. ಮೇಜಿನ ಮೇಲೆ ಇಟ್ಟರೆ ಅಂಚು ಅಲೆಅಲೆಯಾಗಿ ಎದ್ದಿತು. ನಾಲ್ಕು ಸಂಜೆಯ ಕೆಲಸ, ತುಂಬಾ ಬೇಸರವಾಯಿತು. ಕಾರಣ ಆಮೇಲೆ ತಿಳಿಯಿತು. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಚೂರು ಒಳಕ್ಕೆ ಎಳೆದುಕೊಳ್ಳುತ್ತದೆ. ನಡುಭಾಗ ಕುಗ್ಗಿತ್ತು, ಅಂಚು ಕುಗ್ಗಿರಲಿಲ್ಲ. ಅಂದಿನಿಂದ ಒತ್ತಾದ ಹೊಲಿಗೆಯನ್ನು ಒಂದೇ ಕಡೆ ಗುಡ್ಡೆ ಹಾಕದೆ, ಇಡೀ ತುಂಡಿನಲ್ಲಿ ಹಂಚಿ ಇಡುತ್ತೇನೆ. ನಡುವೆ ಒತ್ತಾಗಿದ್ದರೆ ಅಂಚಿನಲ್ಲೂ ಅಲ್ಲಲ್ಲಿ ಒತ್ತು ಇರುತ್ತದೆ. ಇದೇ ಕಾರಣಕ್ಕೆ ಮೂರು ಪದರಗಳನ್ನೂ ಬೇಕಾದ ಅಳತೆಗಿಂತ ಎಲ್ಲ ಕಡೆ 2 ಇಂಚು ಜಾಸ್ತಿ ಕತ್ತರಿಸಿ, ಹೊಲಿದು ಮುಗಿಸಿದ ಮೇಲೆ ಅಳತೆಗೆ ಕತ್ತರಿಸಿಕೊಳ್ಳುತ್ತೇನೆ.

ದೊಡ್ಡ ತುಂಡಿಗೆ ಹೋಗುವಾಗ

ದಿಂಬಿನ ಕವರ್ ಅಳತೆಯದು ಮೊದಲ ಕೆಲಸಕ್ಕೆ ಸರಿ. ದೊಡ್ಡ ಕ್ವಿಲ್ಟ್ ಆದರೆ ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಿ. ಬಟ್ಟೆಯ ಭಾರ ಮೇಜಿನಿಂದ ಕೆಳಗೆ ಜೋತುಬಿದ್ದರೆ ಅದು ಸೂಜಿಯನ್ನು ಎಳೆಯುತ್ತದೆ. ಹೊಲಿಗೆ ತಪ್ಪುವುದು, ಸೂಜಿ ಮುರಿಯುವುದು ಎಷ್ಟೋ ಸಲ ಇದರಿಂದಲೇ. ಎಡಕ್ಕೂ ಹಿಂದಕ್ಕೂ ಇನ್ನೊಂದು ಮೇಜು ಸೇರಿಸಿ, ಬಟ್ಟೆಯನ್ನು ಮಡಿಸದೆ ಗುಪ್ಪೆಯಾಗಿ ಸುತ್ತಲೂ ಹರಡಿಕೊಳ್ಳಿ. ಕೈಗೆ ಸಿಗುವ ಒಂದಡಿ ಜಾಗ ಮಾತ್ರ ಸಡಿಲವಾಗಿ ಸಪಾಟಾಗಿದ್ದರೆ ಸಾಕು.

ದಾರ ಪದೇ ಪದೇ ಹರಿಯುತ್ತಿದ್ದರೆ ಮೊದಲು ಸೂಜಿ ಬದಲಿಸಿ, ಆಮೇಲೆ ದಾರ ಬಿಚ್ಚಿ ಮತ್ತೆ ಪೋಣಿಸಿ, ಆಮೇಲೆ ಬಾಬಿನ್ ಕೂರುವ ಜಾಗದ ನಾರಿನ ಧೂಳು ತೆಗೆಯಿರಿ. ಟೆನ್ಶನ್ ಮುಟ್ಟುವುದು ಕೊನೆಗೆ.

ಮುಗಿಸುವಾಗಲೂ ನಾಲ್ಕೈದು ಪುಟ್ಟ ಹೊಲಿಗೆ ಹಾಕಿ ನಿಲ್ಲಿಸಿ. ಎದ್ದು ಕಾಣುವ ಜಾಗವಾದರೆ ಎರಡೂ ದಾರಕ್ಕೆ ಗಂಟು ಹಾಕಿ, ಕೈಸೂಜಿಯಿಂದ ಒಳಪದರದೊಳಗೆ ಎಳೆದು ಮುಚ್ಚಿ. ಅಂಚು ಕಟ್ಟಿದ ಮೇಲೆ ತಣ್ಣೀರಿನಲ್ಲಿ ಅದ್ದಿ ಪೆನ್ನಿನ ಗುರುತನ್ನೆಲ್ಲ ತೆಗೆಯಿರಿ. ಮೊದಲೇ ಒಗೆಯದ ಹತ್ತಿಯ ಒಳಪದರ ಈಗ ಸ್ವಲ್ಪ ಕುಗ್ಗುತ್ತದೆ. ಆಗ ತಗ್ಗು ಇನ್ನೂ ಆಳವಾಗಿ, ಉಬ್ಬು ಇನ್ನೂ ಎತ್ತರವಾಗಿ ಕಾಣುತ್ತದೆ. ಹಿಂಡದೆ, ಚಪ್ಪಟೆಯಾಗಿ ಹಾಸಿ ಒಣಗಿಸಿ. ಇಸ್ತ್ರಿ ಮಾತ್ರ ಹಾಕಬೇಡಿ.